ತಂಡಕ್ಕೇ ಹೆಸರಾದ ಮೇಷ್ಟರು ಪಾಲ್ ಬ್ರೌನ್

ತಂಡಗಳಿಗೆ ಊರಿನ ಹೆಸರಿಡುವುದುಂಟು. ಹುಲಿ, ಸಿಂಹ, ಹದ್ದುಗಳ ಹೆಸರಿಡುವುದೂ ಉಂಟು. ಆದರೆ ಇನ್ನೂ ಒಂದು ಪಂದ್ಯವನ್ನೂ ಆಡದ, ಆಟಗಾರರು ಯಾರೆಂಬುದೇ ಪೂರ್ತಿ ಗೊತ್ತಾಗದ ತಂಡವೊಂದಕ್ಕೆ ಅದರ ತರಬೇತುದಾರನ ಹೆಸರನ್ನೇ ಇಡುವುದೆಂದರೆ? ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ 1945ರಲ್ಲಿ ಮಾಡಿದ್ದು ಅದನ್ನೇ. ಆ ತರಬೇತುದಾರರು ಅದುವರೆಗೆ ವೃತ್ತಿಪರ ತಂಡವೊಂದನ್ನು ಒಂದು ದಿನವೂ ನಡೆಸಿದವರಲ್ಲ. ಶಾಲೆಯ ಹುಡುಗರಿಗೆ, ಕಾಲೇಜಿನ ಹುಡುಗರಿಗೆ, ಯುದ್ಧಕಾಲದಲ್ಲಿ ನೌಕಾಪಡೆಯ ತರುಣರಿಗೆ ಆಟ ಕಲಿಸಿದ ಮೇಷ್ಟರು. ಅವರ ಹೆಸರು ಪಾಲ್ ಬ್ರೌನ್. ತಂಡದ ಹೆಸರು ಕ್ಲೀವ್‌ಲ್ಯಾಂಡ್ ಬ್ರೌನ್ಸ್.

ಕಾಲೇಜು ತರಬೇತುದಾರರೊಬ್ಬರು ವೃತ್ತಿಪರ ತಂಡದ ಹೊಣೆ ಹೊತ್ತಾಗಲೆಲ್ಲ ಅಮೆರಿಕದ ಅಭಿಮಾನಿಗಳಲ್ಲಿ ಆಸೆ ಗರಿಗೆದರುತ್ತದೆ. ಹಲವು ಸಲ ಎರಡು ವರ್ಷ ಕಳೆಯುವುದರೊಳಗೆ ಆ ಆಸೆ ಕಮರಿಯೂ ಹೋಗುತ್ತದೆ. ಕ್ಲೀವ್‌ಲ್ಯಾಂಡಿನ ಆಸೆ ಮಾತ್ರ ಫಲಿಸಿತು. ಅದು ಏಕೆ ಫಲಿಸಿತು, ಕೊನೆಗೆ ಏಕೆ ಮುರಿಯಿತು ಎಂಬುದೇ ಪಾಲ್ ಬ್ರೌನ್ ಅವರ ಬದುಕಿನ ಕಥೆ.

ಇಲ್ಲಿ ಫುಟ್‌ಬಾಲ್ ಎಂದರೆ ಕನ್ನಡಿಗರಿಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಹಿಡಿದು ಕೆಡವುವ ಅಮೆರಿಕನ್ ಫುಟ್‌ಬಾಲ್. ಒಂದು ತಂಡದಲ್ಲಿ 11 ಮಂದಿ. ಮೈದಾನ 100 ಗಜ. ನಾಲ್ಕು ಯತ್ನಗಳಲ್ಲಿ ಕನಿಷ್ಠ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ವಶವಾಗುತ್ತದೆ. ಒಂದು ಯತ್ನ ಮುಗಿದೊಡನೆ ಆಟ ನಿಲ್ಲುತ್ತದೆ. ಮುಂದಿನ ನಡೆಯನ್ನು ಯೋಚಿಸಿ ಹೂಡಬೇಕಾಗುತ್ತದೆ. ಕುಸ್ತಿಯ ಬಲವನ್ನೂ ಚದುರಂಗದ ಬುದ್ಧಿಯನ್ನೂ ಒಟ್ಟಿಗೇ ಬೇಡುವ ಆಟವಿದು. ಆದ್ದರಿಂದಲೇ ಇದರಲ್ಲಿ ತರಬೇತುದಾರನಿಗೆ ಸೇನಾಪತಿಯ ಸ್ಥಾನ.

ಉಕ್ಕಿನ ಊರಿನ ಹುಡುಗ

ಪಾಲ್ ಬ್ರೌನ್ ಜನಿಸಿದ್ದು 1908ರ ಸೆಪ್ಟೆಂಬರ್ 7ರಂದು, ಓಹಿಯೋದ ನಾರ್ವಾಕ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ರೈಲ್ವೆ ನೌಕರ. ಗಾಡಿಗಳ ಓಡಾಟವನ್ನು ನಿಮಿಷ ತಪ್ಪದಂತೆ ನಿಯಂತ್ರಿಸುವ ಕೆಲಸ ಅವರದು. ಕರಾರುವಾಕ್ಕುತನ ಮಗನಿಗೆ ಮನೆಯಲ್ಲೇ ದೊರೆತ ಪಾಠವಾಯಿತು. ಬಾಲಕನಿಗೆ ಸುಮಾರು ಒಂಬತ್ತು ವರ್ಷವಾಗಿದ್ದಾಗ ಕುಟುಂಬ ಮ್ಯಾಸಿಲನ್ ಎಂಬ ಊರಿಗೆ ಬಂದು ನೆಲೆಸಿತು. ಉಕ್ಕಿನ ಕಾರ್ಖಾನೆಗಳ ಊರು. ವಾರವಿಡೀ ಕುಲುಮೆಯ ಮುಂದೆ ಬೇಯುವ ಜನಕ್ಕೆ ಹೈಸ್ಕೂಲು ತಂಡದ ಪಂದ್ಯವೇ ಜಾತ್ರೆ, ಅದೇ ತೇರು.

ಮೈಕಟ್ಟಿನಲ್ಲಿ ಸಣಕಲಾದರೂ ಬ್ರೌನ್ ಆ ಹೈಸ್ಕೂಲು ತಂಡದ ಕ್ವಾರ್ಟರ್‌ಬ್ಯಾಕ್ ಆದರು. ಚೆಂಡನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂಬುದನ್ನು ಮೈದಾನದಲ್ಲಿ ನಿರ್ಧರಿಸುವ ಸ್ಥಾನವದು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ದೈತ್ಯದೇಹಿಗಳ ನಡುವೆ ಅವರಿಗೆ ಎಡೆ ಸಿಗಲಿಲ್ಲ. ಅದೇ ರಾಜ್ಯದ ಮಯಾಮಿ ವಿಶ್ವವಿದ್ಯಾಲಯಕ್ಕೆ ತೆರಳಿ ಅಲ್ಲಿ ಆಡಿದರು, ಓದು ಮುಗಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ, 1929ರಲ್ಲಿ, ಹೈಸ್ಕೂಲು ದಿನಗಳ ಗೆಳತಿ ಕೇಟಿಯನ್ನು ವರಿಸಿದರು. 1930ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸೆವರ್ನ್ ಶಾಲೆಯಲ್ಲಿ ಮೊದಲ ಕೆಲಸ ದೊರೆಯಿತು. ಎರಡು ವರ್ಷಗಳ ಬಳಿಕ ಹುಟ್ಟೂರಿನಂತಿದ್ದ ಮ್ಯಾಸಿಲನ್ ತನ್ನ ಹುಡುಗನನ್ನು ಮರಳಿ ಕರೆಯಿತು.

1932. ಆರ್ಥಿಕ ಮಹಾಕುಸಿತದ ಕಾಲ. ಶಾಲಾ ತಂಡ ಸೋಲಿನಲ್ಲೂ ಸಾಲದಲ್ಲೂ ಮುಳುಗಿತ್ತು. ಮೊದಲ ವರ್ಷ ಬ್ರೌನ್ ಗೆದ್ದದ್ದು ಐದು ಪಂದ್ಯ, ಸೋತದ್ದು ನಾಲ್ಕು. ಮುಂದೆ ನಡೆದದ್ದು ಬೇರೆಯೇ ಕಥೆ. ಊರಿನ ಕೆಳಹಂತದ ಶಾಲೆಗಳಲ್ಲೂ ಅದೇ ಪಾಠ, ಅದೇ ಪದ್ಧತಿ ಜಾರಿಗೆ ಬಂದಿತು. ಹುಡುಗರು ಹೈಸ್ಕೂಲಿಗೆ ಬರುವಷ್ಟರಲ್ಲಿ ಆಟದ ಅಕ್ಷರಾಭ್ಯಾಸ ಮುಗಿದಿರುತ್ತಿತ್ತು. ಒಂಬತ್ತು ವರ್ಷಗಳ ಲೆಕ್ಕ ಹೀಗಿದೆ: 80 ಗೆಲುವು, 8 ಸೋಲು, 2 ಸಮ. ಕೊನೆಯ ಆರು ವರ್ಷಗಳಲ್ಲಿ ಸೋತದ್ದು ಒಂದೇ ಪಂದ್ಯ. 1940ರ ತಂಡ ಹತ್ತಕ್ಕೆ ಹತ್ತು ಪಂದ್ಯಗಳನ್ನೂ ಗೆದ್ದು 477 ಅಂಕ ಗಳಿಸಿತು; ಎದುರಾಳಿಗಳೆಲ್ಲ ಸೇರಿ ಗಳಿಸಿದ್ದು ಆರು! ಹೈಸ್ಕೂಲು ಪಂದ್ಯಗಳಿಗಾಗಿ ಸುಮಾರು 20 ಸಾವಿರ ಮಂದಿ ಕೂರುವ ಕ್ರೀಡಾಂಗಣವೇ ಅಲ್ಲಿ ಎದ್ದು ನಿಂತಿತು.

ಕಾಲೇಜಿನ ಮೆಟ್ಟಿಲು

1940ರಲ್ಲಿ ಓಹಿಯೋ ಸ್ಟೇಟ್ ತಂಡ ಬದ್ಧವೈರಿ ಮಿಷಿಗನ್ ಎದುರು 40-0 ಅಂಕಗಳಿಂದ ನೆಲಕಚ್ಚಿತು. ತರಬೇತುದಾರರು ಹೊರನಡೆದರು. ರಾಜ್ಯದ ಹೈಸ್ಕೂಲು ತರಬೇತುದಾರರೆಲ್ಲ ಒಕ್ಕೊರಲಿನಿಂದ ಸೂಚಿಸಿದ ಹೆಸರು ಪಾಲ್ ಬ್ರೌನ್. ಆಟಗಾರನಾಗಿ ಎಡೆ ಸಿಗದಿದ್ದ ಅದೇ ವಿಶ್ವವಿದ್ಯಾಲಯಕ್ಕೆ 32ರ ವಯಸ್ಸಿನಲ್ಲಿ ಅವರು ಮುಖ್ಯ ತರಬೇತುದಾರರಾಗಿ ಕಾಲಿಟ್ಟರು.

ಶಾಲೆಯ ಮೇಷ್ಟರು ಕಾಲೇಜಿನಲ್ಲಿ ಸಲ್ಲುವರೇ ಎಂಬ ಅನುಮಾನ ಆಗಲೂ ಇತ್ತು. 1941ರಲ್ಲಿ ತಂಡ ಸೋತದ್ದು ಒಂದೇ ಪಂದ್ಯ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಒಟ್ಟೊ ಗ್ರಹಾಂ ಎಂಬ ತರುಣ ಆ ದಿನ ಬ್ರೌನ್ ಅವರ ತಂಡವನ್ನು ಕಂಗೆಡಿಸಿದ್ದ. ಆ ಹೆಸರನ್ನು ಬ್ರೌನ್ ಮರೆಯಲಿಲ್ಲ. 1942ರಲ್ಲಿ ಓಹಿಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿತು. ಆ ವರ್ಷ ವಿಸ್ಕಾನ್ಸಿನ್ ಎದುರಿನ ಏಕೈಕ ಸೋಲಿಗೂ ಒಂದು ಕಾರಣವಿತ್ತು: ರೈಲಿನಲ್ಲಿ ಕುಡಿದ ಕೆಟ್ಟ ನೀರಿನಿಂದ ಅರ್ಧ ತಂಡ ಹೊಟ್ಟೆನೋವಿನಲ್ಲಿ ನರಳುತ್ತಿತ್ತು.

ಮರುವರ್ಷ ಯುದ್ಧ ಎಲ್ಲವನ್ನೂ ನುಂಗಿತು. ಆಟಗಾರರು ಸೇನೆಗೆ ಸೇರಿದರು. 17ರ ಹುಡುಗರನ್ನು ಕಟ್ಟಿಕೊಂಡು ಆಡಿದ ಬ್ರೌನ್ ಮೂರು ಗೆದ್ದು ಆರು ಸೋತರು. 1944ರಲ್ಲಿ ಅವರೂ ನೌಕಾಪಡೆಯ ಸಮವಸ್ತ್ರ ತೊಟ್ಟರು. ಷಿಕಾಗೋ ಸಮೀಪದ ಗ್ರೇಟ್ ಲೇಕ್ಸ್ ನೌಕಾ ಕೇಂದ್ರದಲ್ಲಿ ಅವರಿಗೆ ಸಿಕ್ಕ ಕೆಲಸವೂ ತಂಡ ಕಟ್ಟುವುದೇ. ವಾರ ವಾರವೂ ಯಾರೋ ಬರುತ್ತಿದ್ದರು, ಯಾರೋ ಹಡಗು ಹತ್ತಿ ಹೋಗುತ್ತಿದ್ದರು. ಅಂಥ ತಂಡ 1945ರಲ್ಲಿ ಬಲಾಢ್ಯ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು 39-7ರಿಂದ ಸೋಲಿಸಿತು.

ಟ್ಯಾಕ್ಸಿ ಮಾಲೀಕನ ಪಣ

ಈ ನಡುವೆ ಅಮೆರಿಕದಲ್ಲಿ ಹೊಸದೊಂದು ವೃತ್ತಿಪರ ಲೀಗ್ ಮೊಳೆಯುತ್ತಿತ್ತು. ಹೆಸರು ಆಲ್ ಅಮೆರಿಕ ಫುಟ್‌ಬಾಲ್ ಕಾನ್ಫರೆನ್ಸ್; ಅದರ ಹಿಂದಿದ್ದವರು ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್. ಹಳೆಯದಾದ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ಗೆ ಸಡ್ಡು ಹೊಡೆಯುವುದು ಅವರ ಉದ್ದೇಶ. ಕ್ಲೀವ್‌ಲ್ಯಾಂಡ್ ತಂಡವನ್ನು ಕೊಂಡವರು ಟ್ಯಾಕ್ಸಿ ಕಂಪನಿಯ ಮಾಲೀಕ ಆರ್ಥರ್ ಮೆಕ್‌ಬ್ರೈಡ್. ಅವರಿಗೆ ಮೊದಲು ಬೇಕಾಗಿದ್ದವರು ನೋಟರ್ ಡೇಮ್‌ನ ತರಬೇತುದಾರ ಫ್ರಾಂಕ್ ಲೇಹಿ. ವಿಶ್ವವಿದ್ಯಾಲಯ ಬಿಟ್ಟುಕೊಡಲಿಲ್ಲ. ಬೇರೊಬ್ಬರನ್ನು ಸೂಚಿಸುವಂತೆ ಸ್ಥಳೀಯ ಕ್ರೀಡಾ ಪತ್ರಕರ್ತರೊಬ್ಬರನ್ನು ಕೇಳಿದಾಗ ದೊರೆತ ಹೆಸರು ಬ್ರೌನ್.

ವರ್ಷಕ್ಕೆ 17,500 ಡಾಲರ್ ಸಂಬಳ. ಕಾಲೇಜಿನಲ್ಲಾಗಲಿ ವೃತ್ತಿಪರ ಲೀಗಿನಲ್ಲಾಗಲಿ ಆಗ ಯಾವ ತರಬೇತುದಾರರಿಗೂ ಅಷ್ಟು ಹಣ ಸಿಗುತ್ತಿರಲಿಲ್ಲ. ಜೊತೆಗೆ ತಂಡದ ಒಡೆತನದಲ್ಲಿ ಪಾಲು. ನೌಕಾಪಡೆಯ ಸೇವೆ ಮುಗಿಯುವವರೆಗೆ ಭತ್ಯೆ. ಎಲ್ಲಕ್ಕಿಂತ ಮಿಗಿಲಾಗಿ, ಆಟಗಾರರ ಆಯ್ಕೆಯಿಂದ ಹಿಡಿದು ಆಟದ ನಡೆಯವರೆಗೆ ಪೂರ್ಣ ಅಧಿಕಾರ. ಯುದ್ಧ ಮುಗಿದೊಡನೆ ಬ್ರೌನ್ ಮರಳಿ ಬರುತ್ತಾರೆಂದು ಕಾದಿದ್ದ ಓಹಿಯೋ ಸ್ಟೇಟ್ ಪಾಳೆಯಕ್ಕೆ ಇದು ಸಿಡಿಲಿನಂತೆ ಬಡಿಯಿತು. ಕಾಲೇಜು ಫುಟ್‌ಬಾಲೇ ಪ್ರತಿಷ್ಠೆಯ ಆಟವೆನಿಸಿದ್ದ, ವೃತ್ತಿಪರ ಲೀಗು ಎರಡನೆಯ ದರ್ಜೆಯದೆನಿಸಿದ್ದ ಕಾಲ ಅದು.

ಹೆಸರಿನ ಕಥೆ

ಹೊಸ ತಂಡಕ್ಕೆ ಹೆಸರು ಸೂಚಿಸುವಂತೆ ಜನರಿಗೇ ಕರೆ ಹೋಯಿತು. ತರಬೇತುದಾರರ ಹೆಸರನ್ನೇ ಇಡಿ ಎಂಬ ಸಲಹೆ ಮುಂದೆ ಬಂದಾಗ ಬ್ರೌನ್ ಹಿಂಜರಿದರು. ಪ್ಯಾಂಥರ್ಸ್ ಎಂಬ ಹೆಸರು ಗೊತ್ತಾಯಿತು. ಆದರೆ ಅದೇ ಹೆಸರಿನ ಹಳೆಯ, ಸೋತು ಮುಚ್ಚಿಹೋದ ತಂಡವೊಂದು ಕ್ಲೀವ್‌ಲ್ಯಾಂಡಿನಲ್ಲಿ ಇತ್ತೆಂಬುದೂ ಅದರ ಹಕ್ಕು ತಮ್ಮದೆನ್ನುವವರಿದ್ದಾರೆಂಬುದೂ ತಿಳಿದು ಆ ಹೆಸರನ್ನು ಕೈಬಿಡಲಾಯಿತು. ಕೊನೆಗೆ ಉಳಿದದ್ದು ಬ್ರೌನ್ಸ್. ಹೆಸರಿನ ಮೂಲ ಕಂದುವರ್ಣದ ಕುಸ್ತಿಕಲಿಯಂತೆ ಮೆರೆದ ಮುಷ್ಟಿಯೋಧ ಜೋ ಲೂಯಿಸ್ ಅವರ ಬಿರುದು ಎಂಬ ಇನ್ನೊಂದು ಕಥೆಯೂ ಬಹುಕಾಲ ಓಡಾಡಿತು. ತಂಡ ಅಧಿಕೃತವಾಗಿ ಒಪ್ಪುವುದು ಪಾಲ್ ಬ್ರೌನ್ ಅವರ ಹೆಸರನ್ನೇ.

ಅಭಿಮಾನಿಗಳ ಈ ಉತ್ಸಾಹ ಹುಚ್ಚು ಹೊಳೆಯೇನಲ್ಲ. ಓಹಿಯೋದ ಜನ ಬ್ರೌನ್ ಅವರನ್ನು 13 ವರ್ಷಗಳಿಂದ ಕಂಡಿದ್ದರು. ಮ್ಯಾಸಿಲನ್ನಿನ ಹೈಸ್ಕೂಲು ಮೈದಾನದಲ್ಲಿ ಕಂಡಿದ್ದರು, ಓಹಿಯೋ ಸ್ಟೇಟ್‌ನ ಕ್ರೀಡಾಂಗಣದಲ್ಲಿ ಕಂಡಿದ್ದರು. ಎರಡೂ ಕಡೆ ಬಿದ್ದದ್ದನ್ನು ಎತ್ತಿ ನಿಲ್ಲಿಸಿದ ವ್ಯಕ್ತಿ ಮೂರನೆಯ ಕಡೆಯೂ ನಿಲ್ಲಿಸಿಯಾನು ಎಂಬ ಲೆಕ್ಕಾಚಾರ ಅವರದು.

ಆ ಉತ್ಸಾಹದ ಬೆಲೆ ಬೇಗನೆ ತಿಳಿಯಿತು. ಕ್ಲೀವ್‌ಲ್ಯಾಂಡಿನಲ್ಲಿ ಆಗಲೇ ರಾಮ್ಸ್ ಎಂಬ ಎನ್‌ಎಫ್‌ಎಲ್ ತಂಡವಿತ್ತು. 1945ರ ಡಿಸೆಂಬರ್‌ನಲ್ಲಿ ಅದು ತನ್ನೂರಿನಲ್ಲೇ ಚಾಂಪಿಯನ್ ಆಯಿತು. ಕೊರೆಯುವ ಚಳಿಯ ಆ ಪಂದ್ಯಕ್ಕೆ ಬಂದವರು ಸುಮಾರು 32 ಸಾವಿರ. ತಿಂಗಳೊಪ್ಪತ್ತಿನಲ್ಲೇ ರಾಮ್ಸ್ ಊರು ಬಿಟ್ಟು ಲಾಸ್ ಏಂಜಲೀಸ್ ಸೇರಿತು. 1946ರ ಸೆಪ್ಟೆಂಬರ್ 6ರಂದು ಈರಿ ಸರೋವರದ ದಂಡೆಯ ಅದೇ ಕ್ರೀಡಾಂಗಣದಲ್ಲಿ ಬ್ರೌನ್ಸ್ ಮೊದಲ ಪಂದ್ಯವಾಡಿದಾಗ ನೆರೆದವರು 60,135 ಮಂದಿ. ಮಯಾಮಿ ಸೀಹಾಕ್ಸ್ ತಂಡವನ್ನು ಬ್ರೌನ್ಸ್ 44-0ರಿಂದ ಮಣಿಸಿತು.

ಮೈದಾನವೇ ತರಗತಿ

ಅನುಮಾನಿಗಳ ಪ್ರಶ್ನೆ ಒಂದೇ ಆಗಿತ್ತು. ಮೀಸೆ ಮೂಡದ ಹುಡುಗರನ್ನು ಬೆಂಚಿನ ಮೇಲೆ ಕೂರಿಸಬಹುದು. ಯುದ್ಧ ಕಂಡು ಬಂದ, ಹೆಂಡತಿ ಮಕ್ಕಳಿರುವ, ಸಂಬಳಕ್ಕೆ ಆಡುವ ಗಂಡಸರು ಮೇಷ್ಟರ ಮಾತು ಕೇಳುವರೇ?

ಬ್ರೌನ್ ಅವರನ್ನೂ ಬೆಂಚಿನ ಮೇಲೆಯೇ ಕೂರಿಸಿದರು. ತರಬೇತಿ ಶಿಬಿರ ಆರಂಭವಾಗುತ್ತಿದ್ದುದು ಮೈದಾನದಲ್ಲಲ್ಲ, ಕೊಠಡಿಯಲ್ಲಿ. ಪ್ರತಿಯೊಬ್ಬನಿಗೂ ಒಂದು ನೋಟ್‌ಬುಕ್. ಹೇಳಿದ್ದನ್ನೆಲ್ಲ ಕೈಯಾರೆ ಬರೆದುಕೊಳ್ಳಬೇಕು, ಆಮೇಲೆ ಪರೀಕ್ಷೆ. ತನ್ನ ಪಾತ್ರವಷ್ಟೇ ಅಲ್ಲ, ಪಕ್ಕದವನ ಪಾತ್ರವೂ ಬಾಯಿಪಾಠವಾಗಿರಬೇಕು. ಬುದ್ಧಿಮತ್ತೆಯ ಪರೀಕ್ಷೆಯನ್ನೂ ಅವರು ತಂದರು. ಪಂದ್ಯದ ಚಲನಚಿತ್ರವನ್ನು ಮತ್ತೆ ಮತ್ತೆ ಓಡಿಸಿ ಒಬ್ಬೊಬ್ಬನ ತಪ್ಪು ಒಪ್ಪುಗಳಿಗೆ ಅಂಕ ಹಾಕಿದರು. ಇತರ ತಂಡಗಳಲ್ಲಿ ಸಹಾಯಕರು ಆಟದ ತಿಂಗಳುಗಳಲ್ಲಿ ಬಂದು ಹೋಗುತ್ತಿದ್ದರೆ, ಇಲ್ಲಿ ವರ್ಷವಿಡೀ ದುಡಿಯುವ ಸಹಾಯಕರನ್ನು ನೇಮಿಸಲಾಯಿತು. 40 ಗಜದ ಓಟಕ್ಕೆ ಗಡಿಯಾರ ಹಿಡಿದು ಆಟಗಾರನ ವೇಗ ಅಳೆಯುವ ಪದ್ಧತಿಯೂ ಅವರಿಂದ ಹಬ್ಬಿತು. ಇಂದು ಇವೆಲ್ಲ ಸಾಮಾನ್ಯ ಸಂಗತಿಗಳು, ಅಂದು ಹೊಸವು.

ಪ್ರತಿ ನಡೆಯನ್ನೂ ತಾವೇ ನಿರ್ಧರಿಸಿ, ಅದನ್ನು ಮುಟ್ಟಿಸಲು ಇಬ್ಬರು ಆಟಗಾರರನ್ನು ಸರದಿಯಂತೆ ಒಳಗೆ ಕಳುಹಿಸುತ್ತಿದ್ದರು. ಅವರು ಓಡುವ ಅಂಚೆಯಾಳುಗಳಂತೆ! 1953ರಲ್ಲಿ ಕ್ವಾರ್ಟರ್‌ಬ್ಯಾಕ್ ಮುಖಕ್ಕೆ ಏಟು ಬಿದ್ದಾಗ ಹೆಲ್ಮೆಟ್ಟಿಗೆ ಮುಖರಕ್ಷೆ ಹೊಂದಿಸಿ ಮತ್ತೆ ಆಡಲು ಕಳುಹಿಸಿದರು. 1956ರಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೋ ಅಳವಡಿಸಿ ನೇರವಾಗಿ ಸಂದೇಶ ಕೊಡಲು ಹೊರಟಾಗ ಲೀಗ್ ನಿಷೇಧಿಸಿತು. ಅದೇ ವ್ಯವಸ್ಥೆಗೆ ಎನ್‌ಎಫ್‌ಎಲ್ ಅನುಮತಿ ನೀಡಿದ್ದು 1994ರಲ್ಲಿ.

ಆಟಗಾರರ ಆಯ್ಕೆಯಲ್ಲೂ ಮೇಷ್ಟರ ಕಣ್ಣು ಕೆಲಸ ಮಾಡಿತು. ತಮ್ಮನ್ನು ಸೋಲಿಸಿದ್ದ ಒಟ್ಟೊ ಗ್ರಹಾಂ ಅವರನ್ನೇ ಕ್ವಾರ್ಟರ್‌ಬ್ಯಾಕ್ ಮಾಡಿದರು. ಓಹಿಯೋ ಸ್ಟೇಟ್‌ನ ಲೂ ಗ್ರೋಜಾ ಪೆಸಿಫಿಕ್ ಸಾಗರದ ಯುದ್ಧಭೂಮಿ ಓಕಿನಾವಾದಲ್ಲಿದ್ದಾಗಲೇ ಒಪ್ಪಂದದ ಕಾಗದ ತಲುಪಿತು. ಹೆಚ್ಚುವರಿ ಆಟಗಾರರನ್ನು ಕೈತಪ್ಪದಂತೆ ಉಳಿಸಿಕೊಳ್ಳಲು ಮಾಲೀಕ ಮೆಕ್‌ಬ್ರೈಡ್ ತಮ್ಮ ಟ್ಯಾಕ್ಸಿ ಕಂಪನಿಯ ವೇತನಪಟ್ಟಿಯಲ್ಲಿ ಅವರ ಹೆಸರು ಬರೆಸಿದರು. ಮೀಸಲು ಆಟಗಾರರಿಗೆ ಟ್ಯಾಕ್ಸಿ ಸ್ಕ್ವಾಡ್ ಎಂಬ ಹೆಸರು ಬಂದದ್ದು ಹಾಗೆ.

ಎನ್‌ಎಫ್‌ಎಲ್‌ನಲ್ಲಿ 1934ರಿಂದ 1945ರವರೆಗೆ ಒಬ್ಬನೇ ಒಬ್ಬ ಕರಿಯ ಆಟಗಾರನಿರಲಿಲ್ಲ. ಲಿಖಿತ ನಿಯಮವಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. 1946ರಲ್ಲಿ ಬ್ರೌನ್ ತಮ್ಮ ತಂಡಕ್ಕೆ ಬಿಲ್ ವಿಲ್ಲಿಸ್ ಮತ್ತು ಮೇರಿಯನ್ ಮಾಟ್ಲಿ ಅವರನ್ನು ಸೇರಿಸಿಕೊಂಡರು. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ವರ್ಣದ ಗೋಡೆ ಒಡೆದದ್ದು ಅದರ ಮರುವರ್ಷ. ಅದೇ 1946ರಲ್ಲಿ ಲಾಸ್ ಏಂಜಲೀಸಿನ ರಾಮ್ಸ್ ತಂಡವೂ ಇಬ್ಬರು ಕರಿಯರನ್ನು ಸೇರಿಸಿಕೊಂಡಿತು. ಬ್ರೌನ್ ಇದನ್ನು ಚಳವಳಿಯೆಂದು ಸಾರಲಿಲ್ಲ. ವಿಲ್ಲಿಸ್ ಓಹಿಯೋ ಸ್ಟೇಟ್‌ನಲ್ಲಿ ಅವರ ಶಿಷ್ಯ; ಮಾಟ್ಲಿ ಮ್ಯಾಸಿಲನ್ನಿನ ನೆರೆಯ ವೈರಿ ಊರು ಕ್ಯಾಂಟನ್ನಿನ ಹುಡುಗ, ಗ್ರೇಟ್ ಲೇಕ್ಸ್‌ನಲ್ಲಿ ಅವರ ಆಟಗಾರ. ಆಡಬಲ್ಲವರು ಆಡಬೇಕು ಎಂಬುದಷ್ಟೇ ಅವರ ನಿಲುವಾಗಿತ್ತು. ಆದರೂ ಆ ವರ್ಷದ ಡಿಸೆಂಬರ್‌ನಲ್ಲಿ ಫ್ಲೋರಿಡಾದ ಮಯಾಮಿಯಲ್ಲಿ ನಡೆದ ಪಂದ್ಯಕ್ಕೆ ಆ ಇಬ್ಬರನ್ನೂ ಊರಿನಲ್ಲೇ ಬಿಟ್ಟು ಹೋಗಬೇಕಾಯಿತು. ದಕ್ಷಿಣದ ವರ್ಣಭೇದದ ಮುಂದೆ ಅವರ ಅಧಿಕಾರ ಆ ದಿನ ಸೋತಿತ್ತು.

ಗೆಲುವೇ ಬೇಸರವಾದಾಗ

1946ರಲ್ಲಿ ಬ್ರೌನ್ಸ್ ಚಾಂಪಿಯನ್. 1947, 1948, 1949ರಲ್ಲೂ ಬ್ರೌನ್ಸೇ ಚಾಂಪಿಯನ್. 1948ರಲ್ಲಂತೂ ಫೈನಲ್ ಸೇರಿ ಹದಿನೈದಕ್ಕೆ ಹದಿನೈದು ಗೆಲುವು. ಮೊದಲ ವರ್ಷದ ಫೈನಲ್‌ಗೆ ಮುನ್ನ ಕುಡಿದು ಪೊಲೀಸರ ಕೈಗೆ ಸಿಕ್ಕ ತಂಡದ ನಾಯಕನನ್ನೇ ಬ್ರೌನ್ ಮನೆಗೆ ಕಳುಹಿಸಿದರು. ಎಷ್ಟೇ ದೊಡ್ಡವನಾದರೂ ನಿಯಮ ಒಂದೇ ಎಂಬುದು ಅಲ್ಲಿಗೆ ಎಲ್ಲರಿಗೂ ಮನದಟ್ಟಾಯಿತು.

ಇಲ್ಲಿಯೇ ಅಭಿಮಾನದ ಒಂದು ವಿಚಿತ್ರವೂ ಬಯಲಾಯಿತು. ಗೆಲ್ಲಬಹುದೆಂಬ ಆಸೆಯಿದ್ದಾಗ ಕಿಕ್ಕಿರಿದು ಬಂದ ಜನ, ಗೆಲುವು ಖಚಿತವಾದಾಗ ಬರುವುದನ್ನು ಬಿಟ್ಟರು. ಮೊದಲ ಪಂದ್ಯಕ್ಕೆ 60 ಸಾವಿರ ಮಂದಿ ನೆರೆದ ಊರಿನಲ್ಲಿ 1949ರ ಫೈನಲ್ ನೋಡಲು ಬಂದವರು ಸುಮಾರು 22 ಸಾವಿರ. ಎದುರಾಳಿಗಳೇ ಇಲ್ಲದ ಲೀಗು ಸೊರಗಿ ಮುಚ್ಚಿತು. 1950ರಲ್ಲಿ ಬ್ರೌನ್ಸ್ ಮತ್ತು ಇನ್ನೆರಡು ತಂಡಗಳು ಎನ್‌ಎಫ್‌ಎಲ್ ಸೇರಿದವು.

ಹಳೆಯ ಲೀಗಿನವರು ನಕ್ಕರು. ದುರ್ಬಲರ ನಡುವೆ ಮೆರೆದ ತಂಡ, ಕಾಲೇಜಿನ ಕೋಚು. ನಿಜವಾದ ಪರೀಕ್ಷೆ ಈಗ ಎಂಬುದು ಅವರ ಭಾವನೆ. ಮೊದಲ ಪಂದ್ಯವನ್ನೇ 1948 ಮತ್ತು 1949ರ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ಎದುರು ಇಡಲಾಯಿತು. 1950ರ ಸೆಪ್ಟೆಂಬರ್ 16ರ ರಾತ್ರಿ, ಫಿಲಡೆಲ್ಫಿಯಾದಲ್ಲಿ 71,237 ಪ್ರೇಕ್ಷಕರ ಮುಂದೆ ಬ್ರೌನ್ಸ್ 35-10ರಿಂದ ಗೆದ್ದಿತು. ಎಸೆತ ಬಿಟ್ಟರೆ ಈ ತಂಡಕ್ಕೆ ಬೇರೇನೂ ಬಾರದು ಎಂದು ಈಗಲ್ಸ್ ಪಾಳೆಯ ಗೊಣಗಿತು. ಡಿಸೆಂಬರ್‌ನಲ್ಲಿ ಮತ್ತೆ ಎದುರಾದಾಗ ಬ್ರೌನ್ ಇಡೀ ಪಂದ್ಯದಲ್ಲಿ ಒಂದು ಎಸೆತವನ್ನೂ ಲೆಕ್ಕಕ್ಕೆ ಹಿಡಿಸದೆ 13-7ರಿಂದ ಗೆದ್ದು ತೋರಿಸಿದರು. ಮೇಷ್ಟರ ಉತ್ತರ ಹಾಗಿತ್ತು!

ಆ ವರ್ಷದ ಫೈನಲ್ ನಡೆದದ್ದು ಡಿಸೆಂಬರ್ 24ರಂದು ಕ್ಲೀವ್‌ಲ್ಯಾಂಡಿನಲ್ಲಿ. ಎದುರಾಳಿ ಬೇರಾರೂ ಅಲ್ಲ, ಐದು ವರ್ಷಗಳ ಹಿಂದೆ ಊರನ್ನು ತೊರೆದು ಹೋಗಿದ್ದ ರಾಮ್ಸ್. ಕೊನೆಯವರೆಗೂ ಹಿಂದಿದ್ದ ಬ್ರೌನ್ಸ್ ಪರವಾಗಿ ಗ್ರೋಜಾ 28 ಸೆಕೆಂಡುಗಳು ಉಳಿದಿದ್ದಾಗ ಚೆಂಡನ್ನು ಕಂಬಗಳ ನಡುವೆ ಒದ್ದರು. ಬ್ರೌನ್ಸ್ 30, ರಾಮ್ಸ್ 28. ಊರು ಬಿಟ್ಟವರ ಮುಂದೆ ಊರು ನಂಬಿದವರು ಗೆದ್ದರು. 1946ರಿಂದ 1955ರವರೆಗೆ ಹತ್ತು ವರ್ಷಗಳೂ ಬ್ರೌನ್ಸ್ ಫೈನಲ್ ತಲುಪಿತು. ಏಳು ಬಾರಿ ಕಿರೀಟ ಧರಿಸಿತು.

ಮುರಿದ ನಂಟು

1955ರ ನಂತರ ಒಟ್ಟೊ ಗ್ರಹಾಂ ನಿವೃತ್ತರಾದರು. 1956ರಲ್ಲಿ ತಂಡ ಗೆದ್ದದ್ದಕ್ಕಿಂತ ಹೆಚ್ಚು ಸೋತಿತು. ವೃತ್ತಿಪರ ತರಬೇತುದಾರರಾಗಿ ಬ್ರೌನ್ ಅಂಥದ್ದನ್ನು ಕಂಡದ್ದು ಅದೇ ಮೊದಲು. 1957ರಲ್ಲಿ ಜಿಮ್ ಬ್ರೌನ್ ಎಂಬ ಅಸಾಧಾರಣ ಓಟಗಾರ ಬಂದರೂ ಹಳೆಯ ವೈಭವ ಪೂರ್ತಿ ಮರಳಲಿಲ್ಲ. ಇತರ ತಂಡಗಳು ಅಷ್ಟರಲ್ಲಿ ಬ್ರೌನ್ ಅವರ ಪಾಠವನ್ನು ಕದ್ದು ಕಲಿತಿದ್ದವು. ಹೊಸ ತಲೆಮಾರಿನ ಆಟಗಾರರಿಗೆ ಪ್ರತಿ ನಡೆಯೂ ಹೊರಗಿನಿಂದ ಬರುವುದು ಉಸಿರುಗಟ್ಟಿಸತೊಡಗಿತು. ಯಾವ ಶಿಸ್ತು ತಂಡವನ್ನು ಕಟ್ಟಿತ್ತೋ ಅದೇ ಶಿಸ್ತು ಈಗ ಹಟದಂತೆ ಕಾಣುತ್ತಿತ್ತು.

1961ರಲ್ಲಿ ನ್ಯೂಯಾರ್ಕಿನ ಜಾಹೀರಾತು ಉದ್ಯಮಿ ಆರ್ಟ್ ಮೊಡೆಲ್ ತಂಡವನ್ನು ಕೊಂಡರು. ವಯಸ್ಸು 35. ತಂಡದ ಆಗುಹೋಗುಗಳಲ್ಲಿ ಭಾಗಿಯಾಗಬೇಕೆಂಬ ಆಸೆ ಅವರದು. ಪೂರ್ಣ ಅಧಿಕಾರ ಬಿಟ್ಟುಕೊಡುವ ಅಭ್ಯಾಸ ಬ್ರೌನ್ ಅವರಿಗಿರಲಿಲ್ಲ. ಅದೇ ವರ್ಷದ ಕೊನೆಗೆ ಬಾಬಿ ಮಿಚೆಲ್ ಎಂಬ ಜನಪ್ರಿಯ ಆಟಗಾರನನ್ನು ವಾಷಿಂಗ್ಟನ್ ತಂಡಕ್ಕೆ ಕೊಟ್ಟು, ಕಾಲೇಜಿನ ಹೊಸ ತಾರೆ ಎರ್ನಿ ಡೇವಿಸ್ ಅವರನ್ನು ಪಡೆಯುವ ಒಪ್ಪಂದವನ್ನು ಬ್ರೌನ್ ಮಾಡಿಕೊಂಡರು. ಮಾಲೀಕರಿಗೆ ಮೊದಲೇ ತಿಳಿಸಲಿಲ್ಲ. ವಿಧಿ ಇನ್ನೂ ಕ್ರೂರವಾಗಿತ್ತು. ಡೇವಿಸ್ ಅವರಿಗೆ 1962ರಲ್ಲಿ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಬ್ರೌನ್ಸ್ ಪರ ಒಂದು ಪಂದ್ಯವನ್ನೂ ಆಡದೆ ಆ ತರುಣ 1963ರ ಮೇ ತಿಂಗಳಲ್ಲಿ ಕಣ್ಮುಚ್ಚಿದರು.

ಅದಕ್ಕೆ ಕೆಲವು ತಿಂಗಳು ಮೊದಲು, 1963ರ ಜನವರಿಯಲ್ಲಿ, ಮೊಡೆಲ್ ಬ್ರೌನ್ ಅವರನ್ನು ತರಬೇತುದಾರನ ಹುದ್ದೆಯಿಂದ ತೆಗೆದುಹಾಕಿದರು. ಕ್ಲೀವ್‌ಲ್ಯಾಂಡಿನ ಪತ್ರಿಕೆಗಳು ಆಗ ಮುಷ್ಕರದಿಂದ ಮುಚ್ಚಿದ್ದವು. ಊರಿಗೆ ಊರೇ ಯಾರ ಹೆಸರನ್ನು ತಂಡಕ್ಕಿಟ್ಟಿತ್ತೋ ಅವರ ನಿರ್ಗಮನದ ಸುದ್ದಿಯನ್ನು ಬೆಳಗಿನ ಪತ್ರಿಕೆಯಲ್ಲಿ ಓದುವ ಅವಕಾಶವೂ ಜನರಿಗಿರಲಿಲ್ಲ. ತರಬೇತುದಾರ ಹೋದರು, ಜೆರ್ಸಿಯ ಮೇಲೆ, ಟಿಕೆಟ್ಟಿನ ಮೇಲೆ ಹೆಸರು ಹಾಗೆಯೇ ಉಳಿಯಿತು. ಬ್ರೌನ್ ಅವರ ಸಹಾಯಕರಾಗಿದ್ದ ಬ್ಲಾಂಟನ್ ಕಾಲಿಯರ್ ಅಧಿಕಾರ ವಹಿಸಿಕೊಂಡು 1964ರಲ್ಲಿ ತಂಡವನ್ನು ಮತ್ತೆ ಚಾಂಪಿಯನ್ ಮಾಡಿದರು.

ಎರಡನೆಯ ಇನಿಂಗ್ಸ್

ಒಪ್ಪಂದದ ಹಣ ಬರುತ್ತಿತ್ತು. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಮನೆಯಿತ್ತು, ಗಾಲ್ಫ್ ಇತ್ತು. ಕೆಲಸವಿರಲಿಲ್ಲ. 1967ರಲ್ಲಿ ಕ್ಯಾಂಟನ್ನಿನ ಫುಟ್‌ಬಾಲ್ ಕೀರ್ತಿಭವನ ಅವರಿಗೆ ಸ್ಥಾನ ನೀಡಿತು. ಅಂಥ ಗೌರವ ಸಂದವರು ಸಾಮಾನ್ಯವಾಗಿ ವಿಶ್ರಾಂತರಾಗುತ್ತಾರೆ. ಬ್ರೌನ್ ಮಾತ್ರ ಅದೇ ವರ್ಷ ಓಹಿಯೋದ ದಕ್ಷಿಣ ತುದಿಯ ಸಿನ್ಸಿನಾಟಿ ನಗರಕ್ಕೆ ಹೊಸ ತಂಡವೊಂದನ್ನು ತಂದರು. ಅದೇ ಬೆಂಗಾಲ್ಸ್. ಈ ಬಾರಿ ತಂಡದ ಹೆಸರು ಹುಲಿಯದು. ಆ ಊರಿನಲ್ಲಿ ಹಿಂದೆ ಇದ್ದ ತಂಡವೊಂದರ ನೆನಪು ಅದು. ಆಡಳಿತದ ಹಿಡಿತವನ್ನು ಮಾತ್ರ ಬ್ರೌನ್ ಬೇರಾರ ಕೈಗೂ ಬಿಡಲಿಲ್ಲ.

1968ರ ಮೊದಲ ಋತುವಿನಲ್ಲಿ ಮೂರು ಗೆಲುವು, 11 ಸೋಲು. 1969ರಲ್ಲಿ ಪತ್ನಿ ಕೇಟಿ ತೀರಿಕೊಂಡರು. 1970ರಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತ ಬೆಂಗಾಲ್ಸ್ ಉಳಿದ ಏಳನ್ನೂ ಗೆದ್ದು ತನ್ನ ವಿಭಾಗದ ಅಗ್ರಸ್ಥಾನಕ್ಕೇರಿತು. ಆ ಏಳರಲ್ಲಿ ಒಂದು ಗೆಲುವು ಬ್ರೌನ್ಸ್ ಎದುರು, 14-10ರಿಂದ. 62ರ ವಯಸ್ಸಿನಲ್ಲಿ ತಮ್ಮದೇ ಹೆಸರಿನ ತಂಡವನ್ನು ಬ್ರೌನ್ ಸೋಲಿಸಿದ್ದರು.

ಸಿನ್ಸಿನಾಟಿಯಲ್ಲಿ ಅವರ ಸಹಾಯಕರಲ್ಲಿ ಬಿಲ್ ವಾಲ್ಷ್ ಎಂಬವರಿದ್ದರು. ಚಿಕ್ಕ ಚಿಕ್ಕ ನಿಖರ ಎಸೆತಗಳ ಹೊಸ ಪದ್ಧತಿಯನ್ನು ಅವರು ಅಲ್ಲಿಯೇ ರೂಪಿಸಿದರು. 1976ರ ಜನವರಿ 1ರಂದು ಬ್ರೌನ್ ತರಬೇತಿಯಿಂದ ನಿವೃತ್ತರಾದಾಗ ಉತ್ತರಾಧಿಕಾರಿಯಾಗಿ ವಾಲ್ಷ್ ಅವರನ್ನು ಬಿಟ್ಟು ಬೇರೊಬ್ಬ ಸಹಾಯಕರನ್ನು ಆರಿಸಿದರು. ವಾಲ್ಷ್ ನೊಂದು ಹೊರನಡೆದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರಬೇತುದಾರರಾಗಿದ್ದು, 1979ರಲ್ಲಿ ಸೋತು ಸುಣ್ಣವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ವಹಿಸಿಕೊಂಡರು. ಮತ್ತೊಬ್ಬ ಕಾಲೇಜು ಕೋಚು, ಮತ್ತೊಂದು ಊರಿನ ಆಸೆ! ಮೊದಲ ವರ್ಷ ಗೆದ್ದದ್ದು ಎರಡೇ ಪಂದ್ಯ. ಆದರೆ 1982ರ ಜನವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಬ್ರೌನ್ ಅಧ್ಯಕ್ಷರಾಗಿದ್ದ ಬೆಂಗಾಲ್ಸ್. 1989ರ ಜನವರಿಯಲ್ಲೂ ಅದೇ ಜೋಡಿ, ಅದೇ ಫಲಿತಾಂಶ. ಕೈಬಿಟ್ಟ ಶಿಷ್ಯನೇ ಎರಡು ಬಾರಿ ಗುರುವಿನ ಕೈಯಿಂದ ಕಿರೀಟ ಕಸಿದಿದ್ದ.

ಉಳಿದದ್ದು ಹೆಸರು

1991ರ ಆಗಸ್ಟ್ 5ರಂದು ಸಿನ್ಸಿನಾಟಿಯಲ್ಲಿ ಪಾಲ್ ಬ್ರೌನ್ ನಿಧನರಾದರು. ವಯಸ್ಸು 82. ಮಣ್ಣಾದದ್ದು ಮ್ಯಾಸಿಲನ್ನಿನಲ್ಲಿ. ಬೆಂಗಾಲ್ಸ್ ಹೊಣೆ ಮಗ ಮೈಕ್ ಬ್ರೌನ್ ಅವರ ಹೆಗಲೇರಿತು.

ಅವರ ಬಳಿಕವೂ ಕಾಲೇಜು ಅಂಗಳದಿಂದ ದೊಡ್ಡ ಹೆಸರು ಹೊತ್ತು ಬಂದವರು ಅನೇಕರು. ಡಲ್ಲಾಸ್ ತಂಡಕ್ಕೆ 1989ರಲ್ಲಿ ಬಂದ ಜಿಮ್ಮಿ ಜಾನ್ಸನ್ ಮೊದಲ ವರ್ಷ ಒಂದೇ ಪಂದ್ಯ ಗೆದ್ದರೂ ಮುಂದೆ ಎರಡು ಸೂಪರ್ ಬೌಲ್ ತಂದುಕೊಟ್ಟರು. ವಾಷಿಂಗ್ಟನ್ನಿಗೆ 2002ರಲ್ಲಿ ಬಂದ ಸ್ಟೀವ್ ಸ್ಪರಿಯರ್ ಎರಡೇ ವರ್ಷಕ್ಕೆ ಮರಳಿದರು. ಕಾಲೇಜು ಫುಟ್‌ಬಾಲಿನ ಮಹಾರಥಿ ನಿಕ್ ಸೇಬನ್ ಕೂಡ ಮಯಾಮಿ ಡಾಲ್ಫಿನ್ಸ್ ತಂಡದಲ್ಲಿ 2005 ಮತ್ತು 2006ರ ಎರಡು ಋತು ಕಳೆದು ಕಾಲೇಜಿಗೇ ಹಿಂದಿರುಗಿದರು. 2021ರಲ್ಲಿ ಜಾಕ್ಸನ್‌ವಿಲ್ ಸೇರಿದ ಅರ್ಬನ್ ಮೇಯರ್ ಒಂದು ಋತುವನ್ನೂ ಪೂರೈಸಲಿಲ್ಲ. ಅಭಿಮಾನಿಗಳ ಆಸೆ ಎಲ್ಲ ಕಡೆಯೂ ಒಂದೇ ಬಗೆಯದು. ವ್ಯತ್ಯಾಸವಿರುವುದು ಬಂದವರು ತರುವ ಬುತ್ತಿಯಲ್ಲಿ. ಬ್ರೌನ್ ತಂದದ್ದು ಗೆಲುವಿನ ಪಟ್ಟಿಯನ್ನಷ್ಟೇ ಅಲ್ಲ. ಹುಡುಗರಿಗೂ ಗಂಡಸರಿಗೂ ಸಮನಾಗಿ ಒಗ್ಗುವ ಕಲಿಸುವ ವಿಧಾನವನ್ನು.

ಸಿನ್ಸಿನಾಟಿಯಲ್ಲಿ 2000ದಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ಪಾಲ್ ಬ್ರೌನ್ ಅವರ ಹೆಸರಿಡಲಾಗಿತ್ತು. 2022ರಲ್ಲಿ ಪ್ರಾಯೋಜಕ ಕಂಪನಿಯೊಂದರ ಹೆಸರು ಬಂದು ಅದು ಅಳಿಯಿತು. ಕ್ಲೀವ್‌ಲ್ಯಾಂಡಿನಲ್ಲಿ ನಡೆದದ್ದು ಬೇರೆ. 1995ರ ಕೊನೆಯಲ್ಲಿ ಮೊಡೆಲ್ ತಂಡವನ್ನೇ ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಸಾರಿದಾಗ ನಗರ ಬೀದಿಗಿಳಿಯಿತು, ನ್ಯಾಯಾಲಯದ ಮೆಟ್ಟಿಲೇರಿತು. ಆಟಗಾರರನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೆ ತಂಡದ ಬಣ್ಣ, ದಾಖಲೆ ಮತ್ತು ಹೆಸರನ್ನು ಊರು ಬಿಟ್ಟುಕೊಡಲಿಲ್ಲ. ಮೂರು ವರ್ಷ ತಂಡವೇ ಇಲ್ಲದೆ ಹೆಸರೊಂದನ್ನೇ ಕಾಪಾಡಿಕೊಂಡ ಕ್ಲೀವ್‌ಲ್ಯಾಂಡ್, 1999ರಲ್ಲಿ ಹೊಸ ಆಟಗಾರರೊಂದಿಗೆ ಅದಕ್ಕೆ ಮತ್ತೆ ಜೀವ ಕೊಟ್ಟಿತು. 1945ರಲ್ಲೂ ಅಲ್ಲಿ ಇದ್ದದ್ದು ಅಷ್ಟೇ: ಆಟಗಾರರಿಲ್ಲದ ಒಂದು ತಂಡ, ಮೇಷ್ಟರೊಬ್ಬರ ಹೆಸರು.